ಚಪ್ಪಲಿ ಸ್ಟ್ಯಾಂಡಿನ ಮೇಲಿನ ಕಸುಬು

ನಮ್ಮಜ್ಜಿಗೆ ಒಂದು ಅಭ್ಯಾಸ. ಕೈಗೆ ಏನು ಕೊಟ್ಟರೂ ಮೊದಲು ಮೂಗಿನ ಹತ್ತಿರ ಹಿಡಿಯುತ್ತಾಳೆ. ಹೊಸ ಸೀರೆ, ಮಾತ್ರೆ ಪೊಟ್ಟಣ, ಲಗ್ನಪತ್ರಿಕೆ, ಒಂದು ಸಲ ನನ್ನ ಮಾರ್ಕ್ಸ್ ಕಾರ್ಡು ಕೂಡ. ಮೂಸಿ "ಹ್ಞೂಂ" ಅಂದರೆ ಪಾಸು. ನಾನು ಮೊದಲ ಸಲ ಚರ್ಮದಲ್ಲಿ ಹೊಲಿದ ಪರ್ಸು ಕೈಗಿಟ್ಟಾಗಲೂ ಮೂಸಿದಳು. ಅನುಮಾನ ಬಂದು ಇನ್ನೊಂದು ಸಲ ಮೂಸಿದಳು.

"ಯಾರ್ದೇ ಇದು?"

"ನಂದೇ ಅಜ್ಜಿ, ನಾನೇ ಮಾಡಿದ್ದು."

"ಅದಲ್ವೇ. ಮುಂಚೆ ಯಾರ್ದಾಗಿತ್ತು ಅಂತ."

"ಎಮ್ಮೇದು."

ಅಜ್ಜಿ ನಮ್ಮ ಕೊಟ್ಟಿಗೆ ಕಡೆ ಹೋಗಿ ಎಮ್ಮೆ ಇದೆಯೋ ಇಲ್ಲವೋ ನೋಡಿಕೊಂಡು ಬಂದಳು.

ಅವತ್ತಿನಿಂದ ನನ್ನ ಚರ್ಮದ ಕೆಲಸದ ಸುತ್ತ ಇಂಥದ್ದು ಏನಾದರೊಂದು ಆಗುತ್ತಲೇ ಇದೆ. ನಮ್ಮೂರು ಗಡಿಯಾಚೆ, ತಮಿಳುನಾಡಿನ ಸೂಳಗಿರಿಯಿಂದ ಒಳಗೆ. ನಾನು ದಿನಾ ಕಂಪನಿ ಬಸ್ಸಿನಲ್ಲಿ ಹೊಸೂರಿಗೆ ಹೋಗಿ ಒಂದು ಫ್ಯಾಕ್ಟರಿಯ ಕ್ವಾಲಿಟಿ ವಿಭಾಗದಲ್ಲಿ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುತ್ತೇನೆ. ಮನೆಗೆ ಬಂದು ಚರ್ಮ ಹೊಲಿಯುತ್ತೇನೆ. ಹೊಸೂರಿನಲ್ಲಿ ಉಡುಗೊರೆ ಸಾಮಾನಿನ ಅಂಗಡಿ ಇಟ್ಟಿರುವ ಒಬ್ಬ ಅಕ್ಕ ನನ್ನ ಪರ್ಸು ನೋಡಿ, "ಕೆಲಸ ಬಿಟ್ಟು ಪೂರ್ತಿ ಇದನ್ನೇ ಮಾಡ್ತೀಯಾ? ಮಾಡಿದ್ದೆಲ್ಲ ನಾನು ತಗೋತೀನಿ. ರೇಟು ಮಾತ್ರ ನೀನೇ ಹೇಳಬೇಕು" ಅಂದರು. ಅಲ್ಲೇ ನಾನು ಸಿಕ್ಕಿಹಾಕಿಕೊಂಡೆ. ಶಾಲೆಯಲ್ಲಿ ಇಂಗ್ಲಿಷು, ಪೇಟೆಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ತೆಲುಗು, ನಮ್ಮ ಮನೆಯಲ್ಲಿ ಕನ್ನಡ. ನಾಲ್ಕು ಭಾಷೆಯಲ್ಲೂ ನಾನು ಚೆನ್ನಾಗಿ ಸುಮ್ಮನಿರಬಲ್ಲೆ. "ಎಷ್ಟು?" ಅಂತ ಯಾರಾದರೂ ಕೇಳಿದರೆ ನಾಲ್ಕರಲ್ಲೂ ಬಾಯಿ ಒಣಗುತ್ತದೆ.

"ಯೋಚನೆ ಮಾಡಿ ಹೇಳ್ತೀನಿ ಅಕ್ಕಾ" ಅಂದೆ. ಆ ಯೋಚನೆ ನಡೆಯುತ್ತಿದ್ದಾಗ ಆದ ಕತೆಗಳು ಇವು.

ಹೊಸಿಲಿನ ಕಾನೂನು

ಅಜ್ಜಿಯ ತೀರ್ಪು ಸರಳ. "ಚಪ್ಪಲಿ ಒಳಕ್ಕೆ ಬತ್ತದಾ? ಇಲ್ಲ. ಇದು ಅದರ ತಂಗಿ ತಾನೆ? ಅಕ್ಕನ ಜೊತೇಲೇ ಇರ್ಲಿ." ಹಾಗಾಗಿ ನನ್ನ ಚರ್ಮ, ದಬ್ಬಳ, ಮೇಣದ ದಾರ ಎಲ್ಲಕ್ಕೂ ಜಗಲಿಯ ಚಪ್ಪಲಿ ಸ್ಟ್ಯಾಂಡಿನ ಮೇಲಿನ ಹಲಗೆಯಲ್ಲಿ ಜಾಗ ಸಿಕ್ಕಿತು. ನಾನು ಅಪ್ಪನಿಗೆ ಮಾಡಿಕೊಟ್ಟ ಪರ್ಸಿಗೂ ಅದೇ ಕಾನೂನು. ಅಪ್ಪ ಮನೆಗೆ ಬಂದರೆ ಚಪ್ಪಲಿ ಬಿಟ್ಟು, ಜೇಬಿನಿಂದ ಪರ್ಸು ತೆಗೆದು ಸ್ಟ್ಯಾಂಡಿನ ಮೇಲಿಟ್ಟು ಒಳಗೆ ಬರಬೇಕು.

ಒಂದು ದಿನ ಜವಳಗಿರಿಯಿಂದ ಅಮ್ಮನ ಕಡೆಯ ದೂರದ ಮಾವ ಒಬ್ಬರು ಊಟಕ್ಕೆ ಬಂದರು. ತುಂಬ ಮರ್ಯಾದಸ್ಥರು. ಅಪ್ಪ ಪರ್ಸು ತೆಗೆದಿಟ್ಟಿದ್ದನ್ನು ಕಂಡು ತಮ್ಮ ಪರ್ಸನ್ನೂ ತೆಗೆದಿಟ್ಟರು. ಒಂದು ಕ್ಷಣ ಯೋಚಿಸಿ ಬೆಲ್ಟನ್ನೂ ಬಿಚ್ಚಿ ಇಟ್ಟರು. ಯಾಕೆ ಅಂತ ಅವರು ಕೇಳಲಿಲ್ಲ, ಬೇಡ ಅಂತ ಹೇಳುವ ಧೈರ್ಯ ನಮಗೆ ಯಾರಿಗೂ ಬರಲಿಲ್ಲ.

ಕೈ ತೊಳೆಯಲು ಎದ್ದಾಗ, ಬಡಿಸಿಕೊಳ್ಳಲು ಜರುಗಿದಾಗ, ಕೊನೆಗೆ ಎಲೆ ಎತ್ತುವಾಗಲೂ ಅವರ ಎಡಗೈ ಪ್ಯಾಂಟು ಬಿಡಲಿಲ್ಲ. ಅವರು ಹೋದ ಮೇಲೆ ಅಜ್ಜಿ ನಮಗೆಲ್ಲ ಬುದ್ಧಿ ಹೇಳಿದಳು: "ನೋಡಿ ಕಲೀರಿ. ಆಚಾರ ಅಂದ್ರೆ ಹಂಗೆ ಕೈಯಾಗೆ ಹಿಡ್ಕೊಂಡಿರ್ಬೇಕು."

ಗೇಟಿನಲ್ಲಿ

ಊಟದ ಬಿಡುವಿನಲ್ಲಿ ಹೊಲಿಯೋಣ ಅಂತ ಒಂದು ದಿನ ದಬ್ಬಳ, ತೂತು ಹಾಕುವ ಉಳಿ ಎರಡನ್ನೂ ಬ್ಯಾಗಿನಲ್ಲಿ ಹಾಕಿಕೊಂಡು ಫ್ಯಾಕ್ಟರಿಗೆ ಹೋದೆ. ಗೇಟಿನ ಸೆಕ್ಯುರಿಟಿ ಅಣ್ಣ ಬ್ಯಾಗು ತೆರೆದು ದಬ್ಬಳ ಎತ್ತಿ ಹಿಡಿದರು. ಮಾತು ತಮಿಳಿನಲ್ಲಿ.

"ಇದೇನು ಪಾಪಾ, ಯಾರಿಗೆ?"

ಗಾಬರಿಯಾದಾಗ ನನಗೆ ಇಂಗ್ಲಿಷೇ ಬರುವುದು. "ಹಾಬಿ ಸರ್" ಅಂದೆ.

ಅವರು ಪಕ್ಕದವರನ್ನು ಕೇಳಿದರು, "ಹಾಬಿ ಅಂದ್ರೆ ಏನಪ್ಪಾ?"

"ಸಂಬಳ ಕೊಡದ ಕೆಲಸ."

"ಅಯ್ಯೋ, ಎರಡು ಕಡೆ ದುಡೀತಿದೆ ಮಗು!" ಅಂತ ಮರುಗಿ ಒಳಗೆ ಬಿಟ್ಟರು. ಬಿಡುವ ಮುಂಚೆ ತಮ್ಮ ಬೆಲ್ಟು ಮುಂದೆ ಚಾಚಿದರು. ಹೆಂಡತಿ ತವರಿಗೆ ಹೋಗಿದ್ದಾಳೆ, ಹೋಟೆಲ್ ಊಟದಲ್ಲಿ ಸೊರಗಿದ್ದೇನೆ, ಇನ್ನೊಂದು ತೂತು ಬೇಕು ಅಂತ. ಹಾಕಿಕೊಟ್ಟೆ. ಮರುದಿನದಿಂದ ಪೂರ್ತಿ ಶಿಫ್ಟಿನವರ ಬೆಲ್ಟುಗಳು ಬಂದವು. ಅಂಗಡಿಗೆ ಬೇಕಾದ ಚೊಕ್ಕ ತೂತು ಹಾಕುವುದನ್ನು ನಾನು ಕಲಿತದ್ದು ಆ ಗೇಟಿನಲ್ಲೇ. ಎಲ್ಲರೂ "ಎಷ್ಟು ಪಾಪಾ?" ಅಂದರು, ಎಲ್ಲರಿಗೂ "ಪರವಾಗಿಲ್ಲ ಸರ್" ಅಂದೆ.

ಸ್ವಲ್ಪ ದಿನ ಬಿಟ್ಟು ಮೊದಲನೆಯ ಅಣ್ಣ ಮತ್ತೆ ತಡೆದರು. ಮುಖ ದುಂಡಗಾಗಿತ್ತು. ಬೆಲ್ಟು ಕೈಗಿಟ್ಟು ಗುಟ್ಟಾಗಿ ಹೇಳಿದರು, "ಹೆಂಡತಿ ವಾಪಸ್ ಬಂದಳು. ನೀನು ಹಾಕಿದ ತೂತು ಇನ್ನು ಬೇಡ, ತಗೊಂಡ್ಬಿಡು."

ನಾಯಿ ಕೊಟ್ಟ ಸರ್ಟಿಫಿಕೇಟು

ಅಂಗಡಿಯ ಅಕ್ಕ ಒಂದು ಸ್ಯಾಂಪಲ್ ಕೇಳಿದ್ದರು, ಹೆಗಲಿಗೆ ನೇತುಹಾಕುವ ಮೊಬೈಲ್ ಚೀಲ. ಇಷ್ಟಪಟ್ಟು ಮಾಡಿದೆ. ಹೊಳಪು ಬರಲೆಂದು ಎಣ್ಣೆ ತಿಕ್ಕಿ ಕಾನೂನಿನ ಪ್ರಕಾರ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟೆ. ಬೆಳಿಗ್ಗೆ ನೋಡಿದರೆ ಬೀದಿ ನಾಯಿ ಅದನ್ನು ಕಚ್ಚಿಕೊಂಡು ಹೊರಟಿತ್ತು. ಉಡುಗೊರೆ ಸಾಮಾನು ಅಂತ ಅದಕ್ಕೂ ಗೊತ್ತಾಗಿರಬೇಕು, ಇನ್ನೊಂದು ನಾಯಿಯ ಮುಂದೆ ಒಯ್ದು ಇಟ್ಟಿತು.

ಪಕ್ಕದ ಮನೆ ಅತ್ತೆ ಕೋಲು ಹಿಡಿದು ತೆಲುಗಿನಲ್ಲಿ ಬೈಯುತ್ತಾ ಮುಂದೆ, ಅಮ್ಮ ಕನ್ನಡದಲ್ಲಿ ಬೈಯುತ್ತಾ ಹಿಂದೆ, ಸುಮ್ಮನೆ ಓಡುವವಳು ನಾನು. ಚೀಲ ಸಿಕ್ಕಿತು. ಚರ್ಮ ಅಲ್ಲಲ್ಲಿ ಇರಲಿಲ್ಲ. ಹೊಲಿಗೆ ಮಾತ್ರ ಒಂದೂ ಬಿಟ್ಟಿರಲಿಲ್ಲ. ಅತ್ತೆ ಎರಡೂ ಕೈಯಲ್ಲಿ ಎಳೆದು ನೋಡಿ, "ನೀನು ಬೋರ್ಡು ಬರೆಸಮ್ಮಾ. ನಾಯಿ ಕೈಯಲ್ಲೂ ಬಿಚ್ಚೋಕಾಗದ ಹೊಲಿಗೆ ಅಂತ" ಅಂದರು.

ಸ್ಯಾಂಪಲ್ ತಡವಾಗುತ್ತದೆ ಅಂತ ಬಾಯಲ್ಲಿ ಹೇಳಲು ಸಂಕೋಚವಾಗಿ ಅಂಗಡಿ ಅಕ್ಕನಿಗೆ ಅದರ ಫೋಟೋ ಕಳಿಸಿದೆ. ಕೂಡಲೇ ಉತ್ತರ ಬಂತು: "ಹೊಲಿಗೆ ಒಪ್ಪಿಗೆ. ಡಿಸೈನ್ ಬದಲಾಯಿಸು."

ಯಾರ ಮೊಳ

ನಮ್ಮ ಕಡೆ ಸಂಕ್ರಾಂತಿ ಆದಮೇಲೆ ಎತ್ತು ಬಿಡೋ ಹಬ್ಬ. ಓಡುವ ಹೋರಿಗಳಿಗೆ ಗೆಜ್ಜೆ ಕೂರಿಸಿದ ಕೊರಳಪಟ್ಟಿ ಕಟ್ಟುತ್ತಾರೆ. ನಾಯಿಯ ಕತೆ ಕೇಳಿದ್ದ ಒಬ್ಬ ರೈತರು ನನಗೆ ಫೋನ್ ಮಾಡಿದರು. ಅಪ್ಪನಿಗೆ ಗೊತ್ತಿದ್ದವರು.

"ನಾಯಿಗೇ ಬಗ್ಗಿಲ್ಲ ಅಂದ್ರೆ ನಮ್ಮ ಹೋರಿಗೂ ತಡೀತದೆ. ಒಂದು ಪಟ್ಟಿ ಮಾಡಮ್ಮಯ್ಯ."

ಕಷ್ಟಪಟ್ಟು ಬಾಯಿಬಿಟ್ಟೆ. "ಅಳತೆ?"

"ಎರಡು ಮೊಳ, ಮೇಲೆ ನಾಲ್ಕು ಬೆರಳು."

ದಿನವಿಡೀ ಫ್ಯಾಕ್ಟರಿಯಲ್ಲಿ ಕೂದಲಿಗಿಂತ ತೆಳ್ಳಗಿನ ವ್ಯತ್ಯಾಸ ಹಿಡಿದು ಮಾಲು ವಾಪಸ್ ಕಳಿಸುವ ನಾನು, ಮನೆಗೆ ಬಂದು ನನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಎರಡು ಸಲ ಅಳೆದು ಚರ್ಮ ಕತ್ತರಿಸಿದೆ. ಗೆಜ್ಜೆ ಕೂರಿಸಿದೆ. ಅವರು ಹೋರಿಯನ್ನೇ ಹಿಡಿದುಕೊಂಡು ಬಂದರು. ಪಟ್ಟಿಯ ಎರಡು ತುದಿಗಳು ಅದರ ಕೊರಳಿನ ಆಚೆಗೊಂದು ಈಚೆಗೊಂದು ದೂರದಲ್ಲೇ ನಿಂತವು. ಹೋರಿ ನನ್ನನ್ನೇ ನೋಡಿತು. ಫ್ಯಾಕ್ಟರಿಯಲ್ಲಿ ಮಾಲು ವಾಪಸ್ ಕಳಿಸುವಾಗ ನಾನೂ ಹಾಗೇ ನೋಡುತ್ತೇನೆ.

ಅವರು ತಮ್ಮ ತೋಳನ್ನು ನನ್ನ ತೋಳಿನ ಪಕ್ಕ ಹಿಡಿದರು. ನೇಗಿಲಿನ ಪಕ್ಕ ಪೆನ್ಸಿಲ್ ಇಟ್ಟಂತಿತ್ತು.

"ಮೊಳ ಅಂದ್ರೆ ನಂದು ಕಣಮ್ಮಾ!"

ನನ್ನ ಕಣ್ಣು ತುಂಬುವುದನ್ನು ಕಂಡು ಅವರೇ ಗಾಬರಿಯಾದರು. "ಅಳ್ಬ್ಯಾಡ, ಮನೇಲಿ ಕರು ಐತೆ, ಅದಕ್ಕೆ ಕಟ್ತೀನಿ. ಹೋರಿಗೆ ಇನ್ನೊಂದು ಮಾಡು. ನನ್ನ ಕೈ ಇಲ್ಲೇ ಬಿಟ್ಟೋಗಕಾಗಲ್ಲ, ಈ ಸಲ ಹೋರಿ ಕೊರಳಿಗೇ ದಾರ ಹಿಡ್ದು ಅಳತೆ ತಗೋ. ಎಲ್ಲಾ ಸೇರಿ ಎಷ್ಟು ಕೊಡ್ಲಿ?"

"ನಿಮ್ಮಿಷ್ಟ" ಅಂದೆ.

ಅವರ ಇಷ್ಟ, ಎರಡನೇ ಪಟ್ಟಿ ಕೊಟ್ಟ ಮರುದಿನ ಗಾಡಿಯಲ್ಲಿ ಬಂತು: ಒಂದು ಮೂಟೆ ಅವರೆಕಾಯಿ. ನನ್ನ ಮೊದಲ ಸಂಪಾದನೆಯನ್ನು ಮನೆಮಂದಿಯೆಲ್ಲ ಸುತ್ತ ಕೂತು ಬಿಡಿಸಿ, ನೆನೆಹಾಕಿ, ಹಿತುಕಿದೆವು.

ಸಂಚಿ

ಹಿತುಕುತ್ತಾ ಅಜ್ಜಿ ಕೇಳಿದಳು, "ನಿಮ್ಮಿಷ್ಟ ಅನ್ನೋದೂ ಒಂದು ರೇಟೇನೇ?" ನಾನು ಬೇಳೆ ಕಡೆ ನೋಡಿದೆ. ಹೋರಿಯ ಎರಡನೇ ಪಟ್ಟಿ ಸರಿಹೋಗಿತ್ತು, ಇನ್ನಿಬ್ಬರು ಕೇಳಿದ್ದರು. ಅಂಗಡಿ ಅಕ್ಕನಿಗೂ ಹೊಸ ಸ್ಯಾಂಪಲ್ ಹಿಡಿಸಿ, ಸೋಮವಾರ ಬಂದು ಒಂದು ಮಾತು ಹೇಳು ಅಂದಿದ್ದರು. ನನ್ನ ಹತ್ತಿರ ಇಲ್ಲದ್ದು ಆ ಒಂದು ಮಾತೇ.

ಅಜ್ಜಿ ಮತ್ತೆ ಬಾಯಿಬಿಟ್ಟಳು. "ನನ್ನ ಎಲೆಅಡಿಕೆ ಸಂಚಿ ಹರಿದೋಗೈತೆ. ಸುಣ್ಣ ಎಲ್ಲಾ ಸೊಂಟಕ್ಕೆ ಮೆತ್ತುತ್ತದೆ. ತೊಗಲಲ್ಲೇ ಒಂದು ಮಾಡು."

ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಮಡಿಕೆ ಇಟ್ಟು ಮಾಡಿಕೊಟ್ಟೆ. ಮೂಸಿದಳು. "ಹ್ಞೂಂ" ಅಂದಳು. ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋಗಲು ಎದ್ದವಳು ಹೊಸಿಲಿನ ಮುಂದೆ ಗಕ್ಕನೆ ನಿಂತಳು. ಕಾನೂನು ಅವಳದೇ.

ಸಂಜೆಯೆಲ್ಲ ಜಗಲಿಯಲ್ಲಿ ಚಪ್ಪಲಿಗಳ ಪಕ್ಕ ಕೂತು ಎಲೆ ಹಾಕಿಕೊಂಡಳು. ಸೊಳ್ಳೆ ಬಂದವು. ಮಾರನೇ ದಿನವೂ ಅಲ್ಲೇ ಕೂತಿದ್ದನ್ನು ಕಂಡು ಬಂದವರೆಲ್ಲ "ಯಾಕಜ್ಜಿ, ಸೊಸೆ ಆಚೆಗಾಕಿದ್ಲಾ?" ಅಂತ ಕೇಳಿದರು. ಅಮ್ಮನ ಮುಖ ಕೆಂಪಾಯಿತು.

ಭಾನುವಾರ ನಾನು ಎದ್ದು ನೋಡಿದರೆ ಜಗಲಿ ಖಾಲಿ. ನಮ್ಮ ಚಪ್ಪಲಿಗಳೆಲ್ಲ ಅಂಗಳದಲ್ಲಿ ಚೆಲ್ಲಾಪಿಲ್ಲಿ. ಚಪ್ಪಲಿ ಸ್ಟ್ಯಾಂಡು ತೊಳೆಸಿಕೊಂಡು, ಅರಿಶಿನ ಹಚ್ಚಿಸಿಕೊಂಡು, ನಡುಮನೆಯಲ್ಲಿ ಅಜ್ಜಿಯ ಮಂಚದ ಪಕ್ಕ ನಿಂತಿದೆ. ಮೇಲಿನ ಹಲಗೆಯಲ್ಲಿ ಸಂಚಿ.

"ಅತ್ತೇ, ಇದೇನಿದು!" ಅಂದಳು ಅಮ್ಮ.

"ತೊಗಲು ಚಪ್ಪಲಿ ಸ್ಟ್ಯಾಂಡಿನ ಮೇಲೇ ಅಲ್ವಾ ಇರ್ಬೇಕು? ಐತಲ್ಲ."

ಆಗಷ್ಟೇ ಹೊರಗಿನಿಂದ ಬಂದ ಅಪ್ಪ ಜೇಬಿನಿಂದ ಪರ್ಸು ತೆಗೆದು ಸಂಚಿಯ ಪಕ್ಕದಲ್ಲಿಟ್ಟರು.

ಅಜ್ಜಿ ನನ್ನನ್ನು ಹತ್ತಿರ ಕರೆದಳು. ನನ್ನ ಕೈ ಹಿಡಿದು ಚರ್ಮದ ಬಣ್ಣ ಕೂತ ಬೆರಳುಗಳನ್ನು ಮೂಸಿ ನೋಡಿ "ಹ್ಞೂಂ" ಅಂದಳು. ಆಮೇಲೆ ಸೆರಗಿನ ಗಂಟು ಬಿಚ್ಚುತ್ತಾ ಕಾಲು ಮಡಚಿ, ಸಂತೆಯಲ್ಲಿ ಕೂರುವ ಹಾಗೆ ಕೂತಳು.

"ನಾಳೆ ಆ ಅಂಗಡಿಯವಳಿಗೆ ಹೇಳೋಕೆ ಮುಂಚೆ ನಂಗೆ ಹೇಳು. ಸಂಚಿಗೆ ಎಷ್ಟು?"

ಅಮ್ಮ ಒಲೆ ಸಣ್ಣ ಮಾಡಿ ಬಂದು ಬಾಗಿಲಲ್ಲಿ ನಿಂತಳು. ಅಪ್ಪ ಟಿವಿ ಸದ್ದು ನಿಲ್ಲಿಸಿದರು. ನಾನು ಬಾಯಿ ತೆರೆದೆ.

"ನಿಮ್ಮಿಷ್ಟ ಅಂದ್ಯೋ, ನೋಡು ಮತ್ತೆ!" ಅಂದಳು ಅಜ್ಜಿ. "ರೇಟು ಹೇಳೇ ಬೇಗ, ಚೌಕಾಸಿ ಮಾಡ್ಬೇಕು ನಾನು."