ಸೂಟ್‌ಕೇಸಿನ ಕೊರಳಿಗೊಂದು ಚಿನ್ನದ ಬಿಲ್ಲೆ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಮೆತ್ತನೆಯ ಸೋಫಾದ ಮೇಲೆ ಕೂತು ಪುಕ್ಕಟೆ ಉಪ್ಪಿಟ್ಟು ತಿನ್ನುತ್ತಿದ್ದ ನಾನು, ಮಂಡ್ಯದ ನನ್ನ ಮನೆಯ ಬಾಗಿಲಲ್ಲಿ ಕಳ್ಳನೊಬ್ಬ ವಿನಯದಿಂದ ಚಪ್ಪಲಿ ಬಿಡುವುದನ್ನು ನೋಡಿದೆ. ನೋಡಿದ್ದು ಫೋನಿನಲ್ಲಿ. ಕಣ್ಣಿನ ಆಪರೇಷನ್ ಮಾಡಿಸಿಕೊಂಡು ನಮ್ಮಲ್ಲಿದ್ದ ಪೂರಿಗಾಲಿಯ ದೊಡ್ಡಮ್ಮ ಹೊತ್ತುಹೊತ್ತಿಗೆ ಔಷಧಿ ಬಿಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ನಡುಮನೆಯಲ್ಲಿ ಒಂದು ಕ್ಯಾಮೆರಾ ಹಾಕಿಸಿದ್ದೆ. ಅದನ್ನು ನೋಡಲು ಹೋದವನಿಗೆ ಇದು ಕಂಡಿತು. ಅವನು ಕಳ್ಳ ಎಂದು ನನಗೆ ಹೇಗೆ ತಿಳಿಯಿತೆಂದು ಹೇಳಬೇಕಾದರೆ ಮೊದಲು ನನ್ನ ದೌರ್ಬಲ್ಯವನ್ನು ಹೇಳಬೇಕು.

ಕೆಲವರಿಗೆ ಹೆಸರಿನ ಹಿಂದೆ ಬಿರುದು ಬೇಕು, ಕೆಲವರಿಗೆ ಸಭೆಯಲ್ಲಿ ಮುಂದಿನ ಕುರ್ಚಿ ಬೇಕು. ನನಗೆ ಬೇಕಾಗಿದ್ದುದು ಅಂಗೈಯಷ್ಟು ಅಗಲದ ಒಂದು ಬಿಲ್ಲೆ. ಸಕ್ಕರೆ ಕಾರ್ಖಾನೆಗಳ ಬಾಯ್ಲರುಗಳನ್ನು ಪರೀಕ್ಷಿಸುವುದು ನನ್ನ ಉದ್ಯೋಗ. ಅದಕ್ಕಾಗಿ ಊರೂರು ಹಾರುತ್ತೇನೆ. ಹಾಗೆ ಹಾರಿ ಹಾರಿ ಸೊಂಟ ಹಿಡಿದ ಮೇಲೆ ವಿಮಾನ ಕಂಪನಿಯವರು ಕನಿಕರಪಟ್ಟು ನನ್ನನ್ನು ಚಿನ್ನದ ದರ್ಜೆಗೆ ಏರಿಸಿ, ನಿಲ್ದಾಣದಲ್ಲಿ ಆ ದರ್ಜೆಯವರ ಸೋಫಾ ಕೋಣೆಗೆ ಪ್ರವೇಶ ಕೊಟ್ಟು, ಸೂಟ್‌ಕೇಸಿಗೆ ಕಟ್ಟಿಕೊಳ್ಳಲು ಹೊಂಬಣ್ಣದ ಬಿಲ್ಲೆ ಕಳಿಸಿದರು. ಮುಂದುಗಡೆ ನನ್ನ ಹೆಸರು, ದರ್ಜೆ. ಹಿಂದುಗಡೆ ವಿಳಾಸಕ್ಕೆ ಜಾಗ. ಫೋನ್ ನಂಬರು ಬರೆದು ಸುಮ್ಮನಾಗಬಹುದಿತ್ತು. ಆದರೆ ನಮ್ಮ ಕಡೆ ಬರೀ ಮನೆ ನಂಬರು ಹಿಡಿದು ಯಾರು ಮನೆಗೆ ಬಂದಿದ್ದಾರೆ? ತಂದೆಯ ಹೆಸರು, ರಾಗಿ ಮಿಲ್ಲಿನ ಹಿಂದಿನ ರಸ್ತೆ, ಹಸಿರು ಗೇಟು ಎಂದೆಲ್ಲ ಬರೆದೆ. ಇನ್ನೂ ಸ್ವಲ್ಪ ಜಾಗವಿತ್ತು. ‘ಹಗಲು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಎದುರು ಮನೆ ಪುಟ್ಟತಾಯಮ್ಮನವರಲ್ಲಿ ಕೊಡುವುದು’ ಎಂದು ಸೇರಿಸಿದೆ. ಮದುವೆ ಕಾಗದಕ್ಕೂ ಯಾರೂ ಇಷ್ಟು ವಿವರ ಬರೆಯುವುದಿಲ್ಲ ಎಂದು ಹೆಂಡತಿ ಸವಿತಾ ನಕ್ಕಳು. ಸೂಟ್‌ಕೇಸು ಕಳೆದುಹೋದರೆ ತಾನಾಗಿಯೇ ನಡೆದುಕೊಂಡು ಮನೆ ಸೇರಬೇಕು, ಹಾಗೆ ಬರೆದಿದ್ದೇನೆ ಎಂದು ನಾನು ಬೀಗಿದೆ.

ಹೈದರಾಬಾದಿಗೆ ಹೊರಟ ದಿನ ಮಂಡ್ಯದಲ್ಲಿ ಬಸ್ಸು ಹತ್ತಿದಾಗ ಪಕ್ಕದ ಸೀಟಿನವನು ಆ ಬಿಲ್ಲೆಯನ್ನು ಕಣ್ಣರಳಿಸಿ ನೋಡಿದ. ಇಂಥ ಜನ ಅಪರೂಪ. ವಿಮಾನ ನಿಲ್ದಾಣದಲ್ಲಿ ಬಿಲ್ಲೆ ನೋಡುವವರಿಲ್ಲ. ಅಲ್ಲಿ ಎಲ್ಲರ ಸೂಟ್‌ಕೇಸಿನ ಕೊರಳಲ್ಲೂ ಒಂದೊಂದು ನೇತಾಡುತ್ತಿರುತ್ತದೆ. ಮದ್ದೂರು ಬರುವಷ್ಟರಲ್ಲಿ ಅವನಿಗೆ ಬೆಳ್ಳಿ ದರ್ಜೆಗೂ ಚಿನ್ನದ ದರ್ಜೆಗೂ ಇರುವ ವ್ಯತ್ಯಾಸ ವಿವರಿಸಿದ್ದೆ. ನಾನು ಗುರುವಾರ ವಾಪಸು ಬರುವುದನ್ನೂ, ಹೆಂಡತಿ ಮದ್ದೂರಿನ ಕಾಲೇಜಿನಲ್ಲಿ ಪಾಠ ಮಾಡುವುದನ್ನೂ ಕೇಳದೆಯೇ ಹೇಳಿದ್ದೆ. ತನ್ನ ತಮ್ಮನಿಗೆ ತೋರಿಸಿದರೆ ಅವನಿಗೂ ಓದುವ ಛಲ ಬರುತ್ತದೆ ಎಂದು ಅವನು ಬಿಲ್ಲೆಯ ಫೋಟೋ ತೆಗೆದುಕೊಂಡ. ಹಿಂದುಗಡೆಯದನ್ನೂ ತೆಗೆದ. ಬೆಳಕು ಚೆನ್ನಾಗಿ ಬೀಳಲೆಂದು ನಾನೇ ತಿರುಗಿಸಿ ಹಿಡಿದಿದ್ದೆ.

ಈಗ ಚಪ್ಪಲಿ ಬಿಟ್ಟು ನಡುಮನೆಗೆ ಬಂದವನು ಅವನೇ. ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಫೋನಿನ ಸದ್ದು ಹೆಚ್ಚಿಸಿದೆ. ಸಾಹೇಬರು ಕಳಿಸಿದ್ದಾರೆ, ಬೀರುವಿನಲ್ಲಿ ಲ್ಯಾಪ್‌ಟಾಪ್ ಇದೆಯಂತೆ, ಕೀ ಕೊಡಿ ಎಂದು ದೊಡ್ಡಮ್ಮನನ್ನು ಕೇಳುತ್ತಿದ್ದ. ದೊಡ್ಡಮ್ಮ ಕಪ್ಪು ಕನ್ನಡಕದಲ್ಲಿ ಅವನಿದ್ದ ದಿಕ್ಕನ್ನು ಅಂದಾಜು ಮಾಡಿ ನೋಡಿದರು.

“ಯಾವೂರಪ್ಪ ನಿಂದು?”

ಮಳವಳ್ಳಿ ಎಂದ. ಪಾಪ, ಪೂರಿಗಾಲಿ ಇರುವುದು ಮಳವಳ್ಳಿ ತಾಲ್ಲೂಕಿನಲ್ಲಿ ಎಂಬುದು ಬಿಲ್ಲೆಯ ಮೇಲೆ ಬರೆದಿರಲಿಲ್ಲ.

“ಮಳವಳ್ಳೀಲಿ ಯಾರ ಪೈಕಿ? ನಿಮ್ಮವ್ವ ಎಲ್ಲಿಯೋಳು?”

ಅವನು ಏನೋ ಒಂದು ಹೆಸರು ಹೇಳಿದ. ದೊಡ್ಡಮ್ಮ ಆ ಹೆಸರಿನವರು ಯಾರಿಗೆ ಹೆಣ್ಣು ಕೊಟ್ಟಿದ್ದಾರೆಂದು ಕೇಳಿದರು. ಅವನು ಸಾರ್ ಕಾಯುತ್ತಿದ್ದಾರೆ ಎಂದ.

“ಕಾಯ್ಲಿ ಬುಡು. ಮನೆಗ್ ಬಂದೋನು ಉಣ್ದೆ ಓಗಬ್ಯಾಡ. ಮುದ್ದೆ ಬಿಸಿ ಐತೆ, ಕೈ ತೊಳ್ಕೊ.”

ನಾನು ದೊಡ್ಡಮ್ಮನ ಫೋನಿಗೆ ಕರೆ ಮಾಡಿದೆ. ಅದರ ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಅವರು ಅದನ್ನು ಆರಿಸಿ ದೇವರ ಗೂಡಿನಲ್ಲಿಟ್ಟಿದ್ದರು. ಸವಿತಾಗೆ ಮಾಡಿದೆ. ನನ್ನ ತೊದಲುವಿಕೆಯಲ್ಲಿ ಅವಳಿಗೆ ಅರ್ಥವಾದದ್ದು ‘ದೊಡ್ಡಮ್ಮ’, ‘ಕಳ್ಳ’ ಎರಡೇ ಮಾತು. ಅಷ್ಟು ಸಾಕಾಯಿತು, ಪುಟ್ಟತಾಯಮ್ಮನವರಿಗೆ ಹೇಳುತ್ತೇನೆಂದು ಫೋನಿಟ್ಟಳು. ಮತ್ತೆ ಕ್ಯಾಮೆರಾ ನೋಡಿದರೆ, ಉಣ್ಣದವನಿಗೆ ಬೀಗದ ಕೈ ಕೊಡುವುದಿಲ್ಲ ಎಂದು ದೊಡ್ಡಮ್ಮ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದರು. ಅವನು ಅವರ ಭುಜಕ್ಕೆ ಕೈ ಹಾಕಿದ. ಅಲ್ಲಿಗೆ ಚಿತ್ರ ನಿಂತುಹೋಯಿತು.

ಆ ನಿಂತ ಚಿತ್ರ ಈಗಲೂ ನನ್ನ ಕಣ್ಣಮುಂದಿದೆ. ಕ್ಯಾಮೆರಾದ ಮೂಲಕ ಮಾತಾಡುವ ಗುಂಡಿಯೊಂದಿರುವುದು ನೆನಪಾಗಿ ಅದನ್ನು ಒತ್ತಿ, “ಬಿಡೋ ಅವರನ್ನ” ಎಂದು ಕಿರುಚಿದೆ. ಸುತ್ತಲಿದ್ದ ಚಿನ್ನದ ದರ್ಜೆಯವರೆಲ್ಲ ತಟ್ಟೆ ಹಿಡಿದು ದೂರ ಸರಿದರು. ವಿಮಾನಕ್ಕೆ ಮೊದಲು ಹತ್ತುವವರನ್ನು ಕರೆದರು. ನಂತರ ಹತ್ತುವವರನ್ನೂ ಕರೆದರು. ನಾನು ಅಲ್ಲೇ ನಿಂತಿದ್ದೆ.

ಕೊನೆಗೆ ಸವಿತಾಳ ಕರೆ ಬಂತು. ಪುಟ್ಟತಾಯಮ್ಮ ಗೇಟಿನಿಂದಲೇ ಕೂಗು ಹಾಕಿದ್ದಕ್ಕೆ ಅವನು ದೊಡ್ಡಮ್ಮನನ್ನು ಪಕ್ಕಕ್ಕೆ ತಳ್ಳಿ, ಚಪ್ಪಲಿಯನ್ನೂ ಬಿಟ್ಟು ಓಡಿದ್ದ. ದೊಡ್ಡಮ್ಮನ ಮೊಣಕೈ ತರಚಿತ್ತು. ಕಣ್ಣಿಗೆ ಏನೂ ಆಗಿರಲಿಲ್ಲ. ನನ್ನ ಕಿರುಚಾಟವೂ ವ್ಯರ್ಥವಾಗಲಿಲ್ಲ. ನೆಟ್‌ವರ್ಕ್ ಸರಿಹೋದ ಮೇಲೆ ಅದು ನಿಧಾನವಾಗಿ ಮನೆ ತಲುಪಿ, ದೊಡ್ಡಮ್ಮನ ಕೈ ಹಿಡಿದು ಸಮಾಧಾನ ಮಾಡುತ್ತಿದ್ದ ಪುಟ್ಟತಾಯಮ್ಮನ ತಲೆಯ ಮೇಲೆ ಗುಡುಗಿತಂತೆ. ಅವರು ಹೆದರಿ ಕೈಬಿಟ್ಟರಂತೆ.

ಆಮೇಲೆ ಬಿಲ್ಲೆ ಕಟ್ಟಿಕೊಳ್ಳಬೇಕೋ ಬೇಡವೋ ಎಂಬ ಚರ್ಚೆ ಬಹಳ ನಡೆಯಿತು. ಬಿಲ್ಲೆ ಇದ್ದರೆ ಸಾಮಾನು ಬೇಗ ಬರುತ್ತದೆ ಎಂದ ಸಹೋದ್ಯೋಗಿಯೊಬ್ಬ. ನನ್ನ ಸೂಟ್‌ಕೇಸು ಹಾಗೆ ಬಂದದ್ದನ್ನು ನಾನು ಕಂಡಿಲ್ಲ. ಮನೆಗೆ ಬಂದಿದ್ದ ಪೊಲೀಸಿನವರು ಅದನ್ನು ತಿರುಗಿಸಿ ಓದಿ, “ಇದು ವಿಳಾಸ ಅಲ್ಲ ಸಾರ್, ಆಹ್ವಾನ” ಎಂದರು. ಕಟ್ಟಿಕೊಳ್ಳುವವರನ್ನು ಕಂಡು ನಗಲು ನನಗೆ ಈಗಲೂ ಮನಸ್ಸಿಲ್ಲ. ಎಷ್ಟು ಹಬ್ಬದೂಟ, ಎಷ್ಟು ಬೀಗರೂಟ ತಪ್ಪಿಸಿಕೊಂಡರೆ ಒಂದು ಬಿಲ್ಲೆ ಬರುತ್ತದೆಂದು ನನಗೆ ಗೊತ್ತು. ಕಟ್ಟಿಕೊಳ್ಳಲಿ, ಫೋನ್ ನಂಬರೊಂದನ್ನು ಬರೆದು, ವಿಮಾನ ಇಳಿದ ಮೇಲೆ ಬಿಚ್ಚಿ ಜೇಬಿನಲ್ಲಿಟ್ಟುಕೊಳ್ಳಲಿ. ಬಸ್ಸಿನಲ್ಲಿ ಪಕ್ಕದವನೊಡನೆ ಮಳೆ ಬೆಳೆ ಮಾತಾಡಲಿ.

ನನ್ನದನ್ನು ಕತ್ತರಿಸಿ ಎಸೆದೆ. ನಿದ್ದೆ ಮಾತ್ರ ಬರಲಿಲ್ಲ. ಮುಂಬಾಗಿಲಿಗೆ ಹೊಸ ಚಿಲಕ, ಗೇಟಿಗೆ ಬೀಗ ಹಾಕಿಸಿದೆ. ರಾತ್ರಿ ಅವನ್ನು ಬೇರೆಯವರು ಹಾಕಿದರೆ ಸರಿಯಾಗುವುದಿಲ್ಲವೆಂದು ಆ ಅಧಿಕಾರವನ್ನು ನಾನೇ ಇಟ್ಟುಕೊಂಡೆ. ಕಣ್ಣು ಮುಚ್ಚಿದರೆ ಆ ಭುಜ, ಆ ಕೈ. ಎದ್ದು ಹೋಗಿ ನೋಡಿದರೆ ದೊಡ್ಡಮ್ಮ ಗೊರಕೆ ಹೊಡೆಯುತ್ತಿರುತ್ತಿದ್ದರು.

ಒಂದು ಶನಿವಾರ ರಾತ್ರಿ ಊಟವಾದ ಮೇಲೆ ಅವರು ನನ್ನನ್ನು ಮಂಚದ ಪಕ್ಕದಲ್ಲಿ ಚಾಪೆ ಹಾಸಿಕೊಳ್ಳಲು ಹೇಳಿ, ಪೂರಿಗಾಲಿಯ ನಮ್ಮ ನೆಂಟರಿಷ್ಟರ ವಂಶಾವಳಿ ಶುರು ಮಾಡಿದರು. ಯಾರ ಮಗಳನ್ನು ಯಾರು ತಂದರು, ಆ ಮದುವೆಯಲ್ಲಿ ಯಾರು ಮುನಿಸಿಕೊಂಡರು. ಎರಡನೆಯ ತಲೆಮಾರಿನವರೆಗೆ ಹೂಂಗುಟ್ಟಿದ್ದು ನೆನಪಿದೆ. ಎಚ್ಚರವಾದಾಗ ಭಾನುವಾರದ ಬಿಸಿಲು ಮುಖದ ಮೇಲಿತ್ತು, ನನ್ನ ಮೇಲೆ ಯಾರೋ ಕಂಬಳಿ ಹೊದಿಸಿದ್ದರು. ದೊಡ್ಡಮ್ಮ ಮುಂಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ಇಷ್ಟು ಬೇಗ ಯಾಕೆದ್ದಿರಿ ಎಂದು ಕೇಳಿದೆ.

“ಬಾಗ್ಲು ರಾತ್ರಿಯೆಲ್ಲಾ ತೆಗೆದೇ ಇತ್ತು ಕಣ್ಮಗ, ನೀನು ಚಿಲಕಾನೇ ಆಕಿಲ್ಲ,” ಎಂದರು. “ಎದ್ದು ಆಕುದ್ರೆ ಸದ್ದಿಗೆ ಎಚ್ಚರಾಯ್ತೀಯ ಅಂತ ನಾನೇ ಬಂದು ಕುಂತ್ಕೊಂಡೆ.”