ಅಂಗಳಕ್ಕೆ ಕುರಿಮಂದೆ ತಂದ ನಾದಿನಿ

ನಂದೀಶ, ಪಲ್ಲವಿ, ನಿಮ್ಮ ತಾತನ ತಂಗಿಯನ್ನು ಕಂಡರೆ ಮಧುಗಿರಿಯ ಹೂಕುಂಡಗಳೆಲ್ಲ ನಡುಗುತ್ತವೆ ಎಂದರೆ ನೀವು ನಗುತ್ತೀರಿ. ನಗಿ! ಕುಂಡಗಳನ್ನು ಕೇಳಿದರೆ ಗೊತ್ತಾಗುತ್ತದೆ.

ಯಾರ ಮನೆಗೆ ಹೋದರೂ ಅವಳು ಮೊದಲು ಪರೀಕ್ಷೆ ಮಾಡುವುದು ಅಂಗಳವನ್ನು. ಶಿರಾದ ನೆಂಟರು ಗೃಹಪ್ರವೇಶಕ್ಕೆಂದು ಮನೆ ಮುಂದೆ ಪ್ಲಾಸ್ಟಿಕ್ ಹುಲ್ಲು ಹಾಸಿದ್ದರು. ಇವಳು ಕುಕ್ಕರುಗಾಲಲ್ಲಿ ಕೂತು, ಅದನ್ನು ಜಗ್ಗಿ ನೋಡಿ, "ಏನವ್ವಾ, ಇದನ್ನ ಮೇಯಕ್ಕೆ ಪ್ಲಾಸ್ಟಿಕ್ ಕುರೀನೂ ತರ್ತೀರಾ?" ಎಂದಳು. ಮನೆಯೊಡತಿ ಅವಳ ಎಲೆಗೆ ಎರಡನೇ ಹೋಳಿಗೆ ಹಾಕಲೇ ಇಲ್ಲ!

ಇನ್ನು ನಮ್ಮ ಅಂಗಳ. ಅಲ್ಲಿ ಆಳೆತ್ತರದ ಗುಂಡುಕಲ್ಲು ಇದೆಯಲ್ಲ, ನಾನು ಮನೆಯಾಚೆ ಧೈರ್ಯವಾಗಿ ಕೂರುವುದು ಅದರ ಹಿಂದೆ ಮಾತ್ರ. ನಿಮ್ಮ ತಾತ ಹೋದಮೇಲೆ ಜನರ ಕಣ್ಣಿಗೆ ಬೀಳುವುದೆಂದರೆ ನನಗೆ ಇನ್ನೂ ಸಂಕೋಚ. ಕಲ್ಲಿನ ಹಿಂದೆ ಕೂತರೆ ಬೀದಿಗೆ ನಾನು ಕಾಣುವುದಿಲ್ಲ, ನನಗೆ ಬೆಟ್ಟ ಕಾಣುತ್ತದೆ. ನಿಮ್ಮ ಅಪ್ಪ ಆ ಕಲ್ಲು ಒಡೆಸಿ, ಟೈಲ್ಸ್ ಹಾಕಿ, ಹುಲ್ಲು ಬೆಳೆಸುವುದೆಂದು ತೀರ್ಮಾನಿಸಿದ. ನಾನು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಸುದ್ದಿ ತಿಳಿದು ನಾದಿನಿ ಹುಲಿಕುಂಟೆಯಿಂದ ಬಂದಿಳಿದಳು. ಗಾರ್ಡನ್ ಮಾಡಿಕೊಡುವವನು ಅವಳಿಗೆ ಮೊಬೈಲಿನಲ್ಲಿ ಚಿತ್ರ ತೋರಿಸಿದ.

"ಅಜ್ಜಿ, ಇದು ಡಿಸೈನು."

"ಅಲ್ನೋಡು, ಅಷ್ಟು ದೊಡ್ಡ ಬೆಟ್ಟ ನಿಂತೈತೆ. ಈ ಕಲ್ಲು ಅದರ ಮರಿ. ತಾಯಿ ಎದುರಿಗೇ ಮರಿ ಒಡೀತೀಯೇನಪ್ಪಾ? ಬೆಟ್ಟದ ಬುಡದಾಗೆ ಬೆಳೆಯೋ ಆವರಿಕೆ, ಹೊಂಗೆ ಇಲ್ಲೂ ಬೆಳೀಲಿ. ಅದು ನನ್ ಡಿಸೈನು!"

ಅಷ್ಟಕ್ಕೇ ಬಿಟ್ಟಳೇ? ಗೊಬ್ಬರವಾಗಲೆಂದು ಹೊಲದಲ್ಲಿ ಕುರಿಮಂದೆ ನಿಲ್ಲಿಸುತ್ತಾರಲ್ಲ, ಹಾಗೆ ನಮ್ಮ ಅಂಗಳಕ್ಕೂ ಒಂದು ಮಂದೆ ನುಗ್ಗಿಸಿದಳು! ಬೀದಿಯವರೆಲ್ಲ ಮೂಗು ಮುಚ್ಚಿಕೊಂಡರು.

"ಅತ್ತೆ, ಇದು ಲೇಔಟು, ಹೊಲ ಅಲ್ಲ!" ಎಂದು ನಿಮ್ಮ ಅಪ್ಪ ಕೂಗಿದ.

"ಮೊನ್ನೆವರ್ಗೂ ಹೊಲಾನೇ ಕಣ್ಲಾ! ಮಣ್ಣಿಗೆ ನಿನ್ ಲೇಔಟು ಗೊತ್ತೇನ್ಲಾ?"

ಗಾರ್ಡನ್‌ನವನು ಹುಲ್ಲನ್ನು ಚಾಪೆಯಂತೆ ಸುತ್ತಿ ತಂದು ಗೇಟಿನ ಪಕ್ಕ ಇಳಿಸಿದ್ದ. ಕುರಿಗಳು ಅದನ್ನು ತಮ್ಮ ಬೀಗರೂಟವೆಂದೇ ತಿಳಿದವು. ಅವನು ಬಂದು ನೋಡಿದಾಗ ಉಳಿದಿದ್ದದ್ದು ಕಟ್ಟಿದ್ದ ಹಗ್ಗ! "ಪಾಪ, ಒಳ್ಳೇ ಹುಲ್ಲು ಕಣಪ್ಪ," ಎಂದು ನಾದಿನಿ ಸಮಾಧಾನ ಹೇಳಿದಳು.

ಮಾರನೆಯ ಬೆಳಿಗ್ಗೆ ಅವಳು ಮಂದೆಯನ್ನು ಊರಾಚೆ ದಾಟಿಸಲು ಹೋಗಿದ್ದಾಗಲೇ ಕಲ್ಲು ಕೊರೆಯುವ ಟ್ರ್ಯಾಕ್ಟರ್ ಬಂತು. ನನ್ನ ಪರವಾಗಿ ಮಾತಾಡಲು ಯಾರೂ ಇರಲಿಲ್ಲ. ನಾನೇ ಹೋಗಿ ಕಲ್ಲಿನ ಮುಂದೆ ನಿಂತೆ, ಬೀದಿಯವರೆಲ್ಲ ನೋಡುತ್ತಿದ್ದ ಹಾಗೆಯೇ.

"ಇದನ್ನ ಒಡೀಬ್ಯಾಡ್ರಪ್ಪಾ. ನಾನು ಕೂತ್ಕೊಳ್ಳೋ ಜಾಗ ಇದು!"

ನಿಮ್ಮ ಅಪ್ಪ ಬೆಪ್ಪಾದ. "ಮೊದ್ಲೇ ಹೇಳ್ಬಾರ್ದಿತ್ತೇನಮ್ಮಾ?"

"ಈಗ ಹೇಳಿದ್ನಲ್ಲ!"

ಟ್ರ್ಯಾಕ್ಟರ್ ಹಿಂದಕ್ಕೆ ಹೋಯಿತು. ವಿಷಯ ಕೇಳಿ ನಾದಿನಿ ಹಾರಾಡಿ ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಸುಮ್ಮನೆ ಬಂದು ಕಲ್ಲಿನ ಹಿಂದೆ ನನ್ನ ಪಕ್ಕ ಕೂತಳು. ಕುರಿಯ ವಾಸನೆಯ ಕೈಯಲ್ಲಿ ನನ್ನ ಕೈ ಹಿಡಿದು, "ಅತ್ಗೇ, ನೀನು ಇಷ್ಟು ಜೋರಾಗಿ ಮಾತಾಡಿದ್ನ ನಮ್ಮಣ್ಣ ಕೇಳ್ದೇ ಹೋಗ್ಬುಟ್ನಲ್ಲೇ," ಎಂದು ಅತ್ತುಬಿಟ್ಟಳು.

ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ. ನಾನಿಲ್ಲದ ಕಾಲಕ್ಕೆ ಯಾರಾದರೂ ಕಲ್ಲು ಒಡೆಯಲು ಬಂದರೆ, ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದಿ.