ಬೀಗರೇ, ಹರಸಬೇಡಿ!

ನಮ್ಮ ಲೇಕ್‌ಪೋರ್ಟ್ ಊರಿನಲ್ಲಿ ನೀವು ಮೇಯರನ್ನು ಕಳ್ಳ ಅನ್ನಬಹುದು. ಪಾದ್ರಿಗಳ ಉಪದೇಶ ಕೇಳಿದರೆ ನಿದ್ದೆ ಬರುತ್ತದೆ ಅನ್ನಬಹುದು. ಹೆಂಡತಿ ಮಾಡಿದ ಅಡುಗೆಗೆ ಉಪ್ಪು ಸಾಲದು ಎಂದು ಕೂಡ ಅನ್ನಬಹುದು (ಒಂದೇ ಸಲ, ಎರಡನೇ ಸಲಕ್ಕೆ ಅಡುಗೆ ನೀವೇ ಮಾಡಿಕೊಳ್ಳಬೇಕು). ಆದರೆ ಲೂ ಬ್ರಾಂಡಿಮೋರನ ತೋಳು ಸೋತಿದೆ ಎಂದು ಮಾತ್ರ ಅನ್ನಕೂಡದು. ನಾನು ಅಂದೆ. ಬರೀ ಅಂದಿದ್ದರೆ ಹೋಗಲಿ, ಪತ್ರಿಕೆಯಲ್ಲಿ ಬರೆದೆ. ಅದೂ ಮಗಳ ಮದುವೆಗೆ ಐದೇ ವಾರ ಉಳಿದಿರುವಾಗ.

ನಾನು ವರ್ನನ್ ಟಟ್ಲ್. ಇಪ್ಪತ್ತೆರಡು ವರ್ಷದಿಂದ ಪ್ರತಿ ಮಂಗಳವಾರ ಊರಿನ ಪತ್ರಿಕೆಯಲ್ಲಿ ನಮ್ಮ ಬೇಸ್‌ಬಾಲ್ ತಂಡ ‘ಹ್ಯಾಮರ್ಸ್’ ಬಗ್ಗೆ ಅಂಕಣ ಬರೆಯುತ್ತಿದ್ದೇನೆ. ಹೆಸರೇನೋ ಸುತ್ತಿಗೆ, ಅದು ಒಂದು ಮೊಳೆಯನ್ನಾದರೂ ನೆಟ್ಟಗೆ ಹೊಡೆದದ್ದನ್ನು ನಾನು ಕಾಣೆ. ಬ್ರಾಂಡಿಮೋರ್ ಈ ತಂಡದ ಹಿರಿಯ ಪಿಚರ್, ಚೆಂಡು ಎಸೆಯುವವನು. ವಯಸ್ಸು ನಲವತ್ತೊಂದು. ಅವನು ಎಸೆದ ಚೆಂಡು ಬ್ಯಾಟಿನವನ ಹತ್ತಿರ ಬರುವಷ್ಟರಲ್ಲಿ ನೀವು ಒಂದು ಹಾಟ್‌ಡಾಗ್ ತಿಂದು ಕೈ ಒರೆಸಿಕೊಳ್ಳಬಹುದು. ‘ಈ ಮುದಿ ಎತ್ತಿಗೆ ಒಂದು ಗಡಿಯಾರ ಕೊಟ್ಟು, ಕೈಮುಗಿದು, ಮನೆಗೆ ಕಳಿಸಿ’ ಎಂದು ಬರೆದೆ. ಬರೆದು ಬಹಳ ಖುಷಿಪಟ್ಟೆ.

ಗುರುವಾರ ಆ ಮುದಿ ಎತ್ತು ಮೈದಾನಕ್ಕಿಳಿದು ಒಂಬತ್ತು ಇನ್ನಿಂಗ್ಸ್, ಅಂದರೆ ಇಡೀ ಪಂದ್ಯ, ಒಂದೇ ಕೈಯಲ್ಲಿ ಎಸೆಯಿತು. ಎದುರಾಳಿಗೆ ಒಂದು ರನ್ ಕೂಡ ಕೊಡಲಿಲ್ಲ.

ಶುಕ್ರವಾರ ಬೆಳಿಗ್ಗೆ ನನ್ನ ದವಡೆ ಹಲ್ಲು ನೋಯತೊಡಗಿತು. ಗ್ರಹಚಾರ ಅಂದರೆ ಇದೇ ನೋಡಿ. ಊರಿಗಿರುವುದು ಒಬ್ಬರೇ ದಂತವೈದ್ಯರು, ಡಾಕ್ಟರ್ ಕ್ಯಾಸಿಮಿರ್ ಪ್ಲುಟಾ. ಅವರ ಮಗ ಡೆನ್ನಿಸ್‌ಗೇ ನನ್ನ ಮಗಳು ರೋಸಲಿನ್‌ಳನ್ನು ಗೊತ್ತುಮಾಡಿರುವುದು. ಅಂದರೆ ನನ್ನ ಹಲ್ಲು ಕೀಳಬೇಕಾದವರೂ ಅವರೇ, ನನ್ನ ಬೀಗರಾಗಬೇಕಾದವರೂ ಅವರೇ. ಕುರ್ಚಿಯಲ್ಲಿ ಒರಗಿ ಮೇಲೆ ನೋಡಿದರೆ ಚಾವಣಿಗೆ ಬ್ರಾಂಡಿಮೋರನ ಆಳೆತ್ತರದ ಚಿತ್ರ ಅಂಟಿಸಿದ್ದಾರೆ. ಉಪಕರಣದ ತಟ್ಟೆಯಲ್ಲಿ ಇಕ್ಕುಳದ ಪಕ್ಕ ನನ್ನ ಅಂಕಣ, ಕತ್ತರಿಸಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು ಇಟ್ಟಿದ್ದರು.

“ಬನ್ನಿ ಬನ್ನಿ, ಪಂಡಿತರು ಬಂದ್ರು! ಬಾಯಿ ತೆಗೀರಿ ಟಟ್ಲ್. ಇನ್ನೂ ಅಗಲ. ಬರೆಯೋವಾಗ ಅಷ್ಟಗಲ ತೆಗೀತೀರಿ, ಈಗ್ಯಾಕೆ ನಾಚಿಕೆ?”

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಆ ಬಾಯೊಳಗೆ ಇನ್ನೊಬ್ಬರ ಎರಡೂ ಕೈ ಇದ್ದರೆ ಏನು ಮಾಡಬೇಕೆಂದು ಗಾದೆ ಮಾಡಿದವರು ಹೇಳಿಲ್ಲ.

“ಮೊದಲನೇ ಪ್ಯಾರಾ. ‘ತೋಳಲ್ಲಿ ಕಸುವಿಲ್ಲ.’ ನಿನ್ನೆ ಒಂಬತ್ತು ಇನ್ನಿಂಗ್ಸ್ ಎಸೆದದ್ದು ಯಾರ ತೋಳು ಸ್ವಾಮಿ? ನಿಮ್ಮ ಅತ್ತೇದಾ?”

“ಆಂ... ಆಂ...” ಅಂದೆ.

“ಒಪ್ಕೊಂಡ್ರಲ್ಲ, ಸಂತೋಷ. ಎರಡನೇ ಪ್ಯಾರಾ. ‘ಓಡಲಾರ.’ ಪಿಚರ್ ಯಾಕ್ರೀ ಓಡಬೇಕು? ನೀವು ಬರೆಯೋವಾಗ ಓಡ್ತೀರಾ? ಅದಿರಲಿ, ಜೀವಮಾನದಲ್ಲಿ ಒಂದ್ಸಲ ಆದ್ರೂ ಚೆಂಡು ಕೈಯಲ್ಲಿ ಹಿಡಿದಿದೀರಾ?”

“ಆಂ!”

“ಹಿಡಿದಿಲ್ಲ. ಗೊತ್ತಿತ್ತು.”

ಹೀಗೆ ಏಳು ಪ್ಯಾರಾ. ಪ್ರತಿ ಪ್ಯಾರಾಕ್ಕೂ ಕೊರೆಯುವ ಯಂತ್ರ ಒಂದೊಂದು ಕೂದಲೆಳೆ ಒಳಗೆ ಇಳಿಯುತ್ತಿತ್ತು. ಕೊನೆಗೆ ಡಾಕ್ಟರು ಯಂತ್ರ ನಿಲ್ಲಿಸಿ, ಕನ್ನಡಕ ತೆಗೆದು, ಮೆಲುದನಿಯಲ್ಲಿ ಹೇಳಿದರು: “ನೋಡಿ, ನಾಲ್ಕು ತಲೆಮಾರಿಂದ ನಮ್ಮ ಮನೇಲಿ ಹ್ಯಾಮರ್ಸ್ ಅಂದ್ರೆ ಪ್ರಾಣ. ನಮ್ಮಮ್ಮಂಗೆ ತೊಂಬತ್ತು ವರ್ಷ. ‘ಲೂನನ್ನ ಮುದಿ ಎತ್ತು ಅಂದೋನ ಮಗಳು ಈ ಹೊಸ್ತಿಲು ತುಳಿಯೋದು ಹೆಂಗೆ ನೋಡ್ತೀನಿ’ ಅಂತ ಕೂತಿದಾಳೆ. ಮುಂದಿನ ಮಂಗಳವಾರ ತಪ್ಪಾಯ್ತು ಅಂತ ಬರೀರಿ. ಇಲ್ದಿದ್ರೆ ಮದುವೆ ಮುಂದಕ್ಕೆ ಹೋಗುತ್ತೆ. ಎಷ್ಟು ಮುಂದಕ್ಕೆ ಅಂತ ನನಗೂ ಗೊತ್ತಿಲ್ಲ. ಹ್ಞೂಂ, ಉಗೀರಿ.”

ಉಗಿದೆ. ಊರಿಗೆ ಊರೇ ನನಗೆ ಉಗಿಯುತ್ತಿದ್ದ ಆ ವಾರದಲ್ಲಿ ನನಗೆ ಉಗಿಯಲು ಸಿಕ್ಕ ಅವಕಾಶ ಅದೊಂದೇ.

ಕಚೇರಿಗೆ ಹೋದರೆ ಮೇಜಿನ ಮೇಲೆ ಕಾಗದಗಳ ಗುಡ್ಡೆ. ‘ನಿಮ್ಮ ಅಂಕಣವನ್ನು ನನ್ನ ನಾಯಿಮರಿಗೆ ಹಾಸಿದ್ದೆ, ಅದು ಕೂಡ ಪಕ್ಕಕ್ಕೆ ಹೋಗಿ ಮಾಡಿತು’ ಎಂದೊಬ್ಬರು. ‘ನೀವು ಪಂದ್ಯ ನೋಡುವುದು ಕಣ್ಣಿನಿಂದಲೋ ಮೊಣಕಾಲಿನಿಂದಲೋ?’ ಎಂದು ಒಬ್ಬ ನಿವೃತ್ತ ಶಿಕ್ಷಕಿ. ಕಾಗುಣಿತ ತಿದ್ದಿ ಅಂಕಣವನ್ನೂ ಜೊತೆಗೆ ವಾಪಸು ಕಳಿಸಿದ್ದರು, ಹತ್ತಕ್ಕೆ ಎರಡು ಅಂಕ. ಮನೆಗೆ ಬಂದರೆ ನನ್ನ ಧರ್ಮಪತ್ನಿ ಗ್ಲೆಂಡಾ ಬಾಗಿಲಲ್ಲೇ ನಿಂತಿದ್ದಳು.

“ಅಲ್ಲ ವರ್ನನ್, ನಿನಗೆ ಬೈಯೋಕೆ ಬೇರೆ ಯಾರೂ ಸಿಗಲಿಲ್ವಾ? ಕ್ಲೀವ್‌ಲ್ಯಾಂಡ್ ತಂಡದೋರು ಇಲ್ವಾ, ಅವರನ್ನ ಬೈ!”

“ಗ್ಲೆಂಡಾ, ಕಂಡದ್ದನ್ನು ಬರೆಯೋದು ನನ್ನ ವೃತ್ತಿಧರ್ಮ.”

“ಕಂಡದ್ದನ್ನ ಮದುವೆ ಆದಮೇಲೆ ಬರಿ, ಯಾರು ಬೇಡ ಅಂದ್ರು? ಧರ್ಮವಂತೆ ಧರ್ಮ! ಚರ್ಚಿನ ಹಾಲ್ ಗೊತ್ತುಮಾಡಿ ಆಗಿದೆ, ಬಟ್ಟೆ ಹೊಲಿಸಿ ಆಗಿದೆ. ಹುಡುಗಿನ ನೋಡು ಹೋಗು.”

ಹುಡುಗಿಯನ್ನು ನೋಡಿದೆ. ರೋಸಲಿನ್ ಅಡುಗೆಮನೆ ಮೇಜಿನ ಮುಂದೆ ಕೂತಿದ್ದಳು; ಎದುರಿಗೆ ಅಂಚೆಗೆ ಹಾಕದ ಆಮಂತ್ರಣ ಪತ್ರಿಕೆಗಳು. ಅವಳು ತಾಯಿಯಂತೆ ಬೈದಿದ್ದರೆ ನಾನು ಗಟ್ಟಿಯಾಗಿ ನಿಲ್ಲುತ್ತಿದ್ದೆನೋ ಏನೋ. “ಡೆನ್ನಿಸ್ ಎರಡು ದಿನದಿಂದ ಫೋನ್ ಮಾಡಿಲ್ಲ ಅಪ್ಪಾ” ಎಂದಷ್ಟೇ ಹೇಳಿದಳು. ನನ್ನ ವೃತ್ತಿಧರ್ಮ ಅಲ್ಲಿಗೆ ಕರಗಿ ನೀರಾಯಿತು.

ಮಂಗಳವಾರ ಬರೆದೆ ನೋಡಿ! ಬ್ರಾಂಡಿಮೋರನ ತೋಳು ಓಕ್ ಮರದ ಕೊಂಬೆ ಎಂದೆ. ಅವನ ಮುಂದೆ ಬ್ಯಾಟು ಹಿಡಿದು ನಿಲ್ಲುವವರು ಮೊದಲು ಉಯಿಲು ಬರೆದಿಡುವುದು ಒಳ್ಳೆಯದು ಎಂದೆ. ಬೆಳಿಗ್ಗೆ ಕಟಿಂಗ್ ಶಾಪಿನವನು ಕುರ್ಚಿ ಒರೆಸಿ ಕೂರಿಸಿದ. ಡಾಕ್ಟರ್ ಪ್ಲುಟಾ ಫೋನ್ ಮಾಡಿ, “ಅಮ್ಮ ನಕ್ಕಳು” ಎಂದರು. ಡೆನ್ನಿಸ್ ಹೂವು ಹಿಡಿದುಕೊಂಡು ಬಂದ.

ಸಂಜೆ ಪಂದ್ಯದ ಮೊದಲನೇ ಇನ್ನಿಂಗ್ಸಿನಲ್ಲೇ ಬ್ರಾಂಡಿಮೋರ್ ಒಂಬತ್ತು ರನ್ ಕೊಟ್ಟ; ಬೇಸ್‌ಬಾಲಿನಲ್ಲಿ ಅಷ್ಟಾದರೆ ಪಂದ್ಯ ಅಲ್ಲಿಗೇ ಮುಗಿದಂತೆ. ಹೊರಗೆ ಹೋಗುವಾಗ ಎಡವಿ ಕಾಲು ಬೇರೆ ಉಳುಕಿಸಿಕೊಂಡ.

ಸ್ವಾಮಿ, ಸೋತಿದ್ದಾನೆ ಅಂದೆ, ಗೆದ್ದ. ಗೆಲ್ಲುತ್ತಾನೆ ಅಂದೆ, ಮಣ್ಣುಮುಕ್ಕಿದ. ಒಂದೇ ಮನುಷ್ಯನ ಬಗ್ಗೆ ಎಂಟು ದಿನದೊಳಗೆ ಎರಡು ತದ್ವಿರುದ್ಧ ಮಾತು ಹೇಳಿ ಎರಡರಲ್ಲೂ ತಪ್ಪಿದ ಪಂಡಿತ ಈ ಭೂಮಂಡಲದಲ್ಲಿ ಇನ್ನೊಬ್ಬನಿದ್ದರೆ ತೋರಿಸಿ. ನಮ್ಮ ಊರಿನವರೋ, ತಂಡ ಗೆಲ್ಲುತ್ತಿದ್ದರೆ ಅದೃಷ್ಟ ತೊಳೆದುಹೋದೀತೆಂದು ಕಾಲುಚೀಲ ಒಗೆಯದ ಜನ. ಗೆಲುವಿನ ಮಾತನ್ನು ಮೊದಲೇ ಆಡಿದರೆ ದೃಷ್ಟಿ ತಗಲುತ್ತದೆ ಎಂದು ನಂಬಿದವರು. “ಹೊಗಳಿ ಹೊಗಳಿ ಲೂನ ಕಾಲು ಮುರಿದ!” ಎಂದು ಬೀದಿಯಲ್ಲೇ ಶಾಪ ಹಾಕಿದರು. ಕಟಿಂಗ್ ಶಾಪಿನವನು ಅರ್ಧ ತಲೆ ಕತ್ತರಿಸಿ, ಕತ್ತರಿ ಕೆಳಗಿಟ್ಟು, ಊಟಕ್ಕೆ ಹೋಗಿಬಿಟ್ಟ.

ಶನಿವಾರ ಡಾಕ್ಟರ್ ಪ್ಲುಟಾ ಮನೆಗೇ ಬಂದರು. ಮದುವೆ ಮುರಿಯಲು ಬಂದರು ಎಂದು ಗ್ಲೆಂಡಾ ಕೂತಲ್ಲೇ ಬಿಳಿಚಿಕೊಂಡಳು. ಅವರ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು.

“ಎರಡು ದಿನ ಆಸ್ಪತ್ರೆ ಮುಚ್ಚಿ ಲೈಬ್ರರೀಲಿ ಕೂತಿದ್ದೆ. ನಿಮ್ಮ ಇಪ್ಪತ್ತೆರಡು ವರ್ಷದ ಅಂಕಣ, ಒಂದೂ ಬಿಡದೆ ಓದಿದೆ.”

ನನ್ನ ಕಣ್ಣು ತುಂಬಿ ಬಂತು. ಒಂದೂ ಬಿಡದೆ ಓದಿದವರು ಈವರೆಗೆ ಯಾರೂ ಇರಲಿಲ್ಲ. (ಗ್ಲೆಂಡಾ ತಲೆಬರಹ ಓದುತ್ತಾಳೆ.)

“ನೀವು ಗೆಲ್ತಾರೆ ಅಂದಾಗೆಲ್ಲ ಸೋತಿದಾರೆ. ಸೋಲ್ತಾರೆ ಅಂದಾಗೆಲ್ಲ ಗೆದ್ದಿದಾರೆ. ಒಂದೇ ಒಂದು ಸಲ ನಿಮ್ಮ ಮಾತು ಸುಳ್ಳಾಗಲಿಲ್ಲ. ಅವತ್ತು ಮಳೆ ಬಂದು ಪಂದ್ಯಾನೇ ನಡೀಲಿಲ್ಲ.” ಡಾಕ್ಟರು ನನ್ನ ಎರಡೂ ಕೈ ಹಿಡಿದುಕೊಂಡರು. “ಬೀಗರೇ, ನೀವು ಸಾಮಾನ್ಯರಲ್ಲ! ಇಂಥಾ ಶಕ್ತಿ ಇಟ್ಕೊಂಡು ಇಷ್ಟು ವರ್ಷ ದಂಡ ಮಾಡಿದ್ರಲ್ಲ! ಇನ್ಮೇಲೆ ಬೈರಿ. ಬಾಯಿಗೆ ಬಂದಂಗೆ ಬೈರಿ!”

“ನಾನು ವಿಮರ್ಶಕ ಡಾಕ್ಟ್ರೇ. ಕಾರಣ ಇಲ್ಲದೆ ಬೈಯಲಾರೆ.”

“ಬೈತಾನೆ, ಬೈತಾನೆ” ಎಂದು ಗ್ಲೆಂಡಾ ಕಾಫಿ ತಂದಿಟ್ಟಳು.

ಬೈದೆ. ಮರದ ಗೊಂಬೆಗಳು ಎಂದೆ. ಹ್ಯಾಮರ್ಸ್ ನಾಲ್ಕು ಪಂದ್ಯ ಗೆದ್ದರು. ಇವರಿಗಿಂತ ವೃದ್ಧಾಶ್ರಮದ ಅಜ್ಜಿಯರು ವಾಸಿ ಎಂದೆ, ಐದು ಗೆದ್ದರು. ಬ್ರಾಂಡಿಮೋರ್ ಕುಂಟುತ್ತಲೇ ಬಂದು ಎರಡು ಗೆದ್ದ. ಹಾಗಂತ ಜನ ಬಿಟ್ಟರೇ? ‘ಈ ವಾರ ಬೈಗುಳದಲ್ಲಿ ಖಾರ ಸಾಲದು, ಅದಕ್ಕೇ ಭಾನುವಾರ ಒಂದೇ ರನ್ನಿನಲ್ಲಿ ಗೆದ್ದದ್ದು’ ಎಂದು ಕಾಗದ. ‘ನಾಲ್ಕನೇ ಪ್ಯಾರಾದಲ್ಲಿ ಕ್ಯಾಚರನನ್ನು ಪರವಾಗಿಲ್ಲ ಅಂದಿದ್ದೀರಿ, ನೀವೇನು ಹೊಟ್ಟೆಗೆ ಅನ್ನ ತಿನ್ನುತ್ತೀರಾ?’ ಎಂದು ಇನ್ನೊಂದು. ಶಿಕ್ಷಕಿ ಮಾತ್ರ ಹತ್ತಕ್ಕೆ ಎಂಟು ಕೊಟ್ಟಿದ್ದರು. ನನ್ನ ಅಭಿಪ್ರಾಯ ತಪ್ಪು ಎಂದು ಬೈಸಿಕೊಳ್ಳುವಾಗ ನನಗೆ ಸಿಟ್ಟಿತ್ತು, ಆದರೆ ಮರ್ಯಾದೆಯೂ ಇತ್ತು. ಅದು ತಪ್ಪಾಗುತ್ತದೆ ಎಂಬ ಕಾರಣಕ್ಕೇ ಬೇಕು ಎಂದಾಗ ಯಾವ ಮುಖ ಹೊತ್ತು ಓಡಾಡಲಿ?

ಅಂತೂ ಮದುವೆಯ ದಿನ ಬಂತು. ಚರ್ಚಿನಲ್ಲಿ ಉಂಗುರ ಬದಲಾಯಿತು. ತೊಂಬತ್ತರ ಅಜ್ಜಿ ಹ್ಯಾಮರ್ಸ್ ಟೋಪಿ ಹಾಕಿಕೊಂಡೇ ಮೊದಲ ಸಾಲಿನಲ್ಲಿ ಕೂತಿದ್ದಳು. ಊಟಕ್ಕೆ ಮೊದಲು, ಹೆಣ್ಣಿನ ತಂದೆ ಎದ್ದುನಿಂತು ಲೋಟ ಎತ್ತಿ ನಾಲ್ಕು ಮಾತಾಡಿ ಹರಸುವುದು ನಮ್ಮಲ್ಲಿ ಪದ್ಧತಿ. ಒಂದು ವಾರ ಕೂತು ಬರೆದಿದ್ದೆ. ರೋಸಲಿನ್ ಹುಟ್ಟಿದ ದಿನ ನಾನು ಆಸ್ಪತ್ರೆಯಲ್ಲಿರದೆ ಮೈದಾನದಲ್ಲಿದ್ದೆ. ಜೀವನದ ಅತಿ ದೊಡ್ಡ ಸುದ್ದಿಗೇ ತಡವಾಗಿ ಬಂದ ವರದಿಗಾರ ನಾನು, ಇವತ್ತು ಮಾತ್ರ ಸಮಯಕ್ಕೆ ಸರಿಯಾಗಿ ಬಂದಿದ್ದೇನೆ, ಹೀಗೆ. ನನ್ನ ಬರವಣಿಗೆಯಲ್ಲೇ ಇಷ್ಟು ಚೆನ್ನಾಗಿ ಬಂದದ್ದು ಇನ್ನೊಂದಿಲ್ಲ. ಎದ್ದೆ. ಲೋಟ ಎತ್ತಿದೆ. “ನನ್ನ ಮುದ್ದು ಮಕ್ಕಳೇ, ನೀವಿಬ್ಬರೂ ನೂರು ಕಾಲ...”

“ಬೀಗರೇ, ಹರಸಬೇಡಿ!”

ಡಾಕ್ಟರ್ ಪ್ಲುಟಾ ಮೇಜು ಸುತ್ತಿ ಓಡಿಬಂದು ನನ್ನ ಬಾಯಿ ಮುಚ್ಚಿದರು (ಆ ಕೈ ನನ್ನ ಬಾಯಿಗೆ ಹೊಸದೇನಲ್ಲ). ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಗ್ಲೆಂಡಾ ನನ್ನ ಕೈಯಿಂದ ಹಾಳೆ ಕಿತ್ತು ಮಡಿಸಿ ಚೀಲಕ್ಕೆ ಹಾಕಿದಳು.

“ಪುಣ್ಯಾತ್ಮ, ನೂರು ಕಾಲ ಅಂದುಬಿಟ್ರೆ ಗತಿ ಏನು? ಹುಡುಗರ ಬಾಳು ಹಾಳು ಮಾಡಬೇಡಿ. ಕೆಟ್ಟದ್ದು ಹೇಳಿ!”

“ನನ್ನ ಮಗಳ ಮದುವೇಲಿ ನಾನು ಕೆಟ್ಟದ್ದು ಹೇಳಲಾ?”

“ಅಪ್ಪಾ...” ರೋಸಲಿನ್ ನನ್ನ ತೋಳು ಹಿಡಿದಿದ್ದಳು, ಕಣ್ಣಲ್ಲಿ ನೀರು. “ನಾನು ಇದನ್ನೆಲ್ಲ ನಂಬಲ್ಲ ಅಪ್ಪಾ. ಆದ್ರೂ... ಒಂದೆರಡು ಕೆಟ್ಟ ಮಾತು ಹೇಳಿಬಿಡು. ಜಾಸ್ತಿ ಬೇಡ.”

ಮಗಳು ಕೇಳಿದ ಮೇಲೆ ಮುಗಿಯಿತು. ಗಂಟಲು ಸರಿಮಾಡಿಕೊಂಡೆ. “ಈ ಮದುವೆ ಕ್ರಿಸ್‌ಮಸ್‌ವರೆಗೂ ನಿಲ್ಲಲ್ಲ” ಅಂದೆ. ಹಾಲ್ ಹಾರಿಹೋಗುವಂತೆ ಚಪ್ಪಾಳೆ. “ಡೆನ್ನಿಸ್ ಸೋಮಾರಿ, ಕೈಲಾಗದೋನು.” ಶಿಳ್ಳೆ ಬಿತ್ತು, ಡೆನ್ನಿಸ್ ಎದ್ದು ನನಗೆ ಬಾಗಿ ವಂದಿಸಿದ. “ಇವರಿಗೆ ಮಕ್ಕಳಾಗಲ್ಲ!” ಅಜ್ಜಿ ಟೋಪಿ ಮೇಲಕ್ಕೆ ತೂರಿದಳು. ಜನ ಹೀಗೆ ಮೆಚ್ಚುತ್ತಿದ್ದರೆ ನನ್ನಂಥ ಅಂಕಣಕಾರನಿಗೆ ನಿಲ್ಲಿಸುವುದು ಹೇಗೆ ಹೇಳಿ? ಹುಮ್ಮಸ್ಸು ಬಂತು. “ನನ್ನ ಮಗಳು ವರ್ಷದೊಳಗೆ ನನ್ನ ಮನೆಗೇ ವಾಪಸ್ ಬರ್ತಾಳೆ!” ಅಂದೆ. ಅಷ್ಟು ಹೇಳುವಾಗ ಮಾತ್ರ ನನ್ನ ಧ್ವನಿ ಯಾಕೋ ನಡುಗಿತು.

ಇನ್ನೂರು ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಡಾಕ್ಟರ್ ಪ್ಲುಟಾ ನನ್ನನ್ನು ತಬ್ಬಿಕೊಂಡು ಅತ್ತೇಬಿಟ್ಟರು: “ಇದಕ್ಕಿಂತ ದೊಡ್ಡ ಆಶೀರ್ವಾದ ಯಾವ ತಂದೇನೂ ಮಾಡಿಲ್ಲ ಬೀಗರೇ!”

ಇಪ್ಪತ್ತೆರಡು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಮೆಚ್ಚುಗೆ. ಎದೆಯುಬ್ಬಿಸಿ ಕುರ್ಚಿಗೆ ಬಂದು ಕೂತೆ. ಪಕ್ಕದಲ್ಲಿ ಗ್ಲೆಂಡಾ ಚಪ್ಪಾಳೆ ತಟ್ಟುತ್ತಿರಲಿಲ್ಲ. ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು.

“ಯಾಕೆ ಗ್ಲೆಂಡಾ? ಚೆನ್ನಾಗಿ ಬೈಯಲಿಲ್ವಾ?”

“ಎಲ್ಲಾ ಸರಿ, ಕೊನೇದು ಯಾಕೆ ಹೇಳಿದೆ ವರ್ನನ್?” ಅವಳು ಕರವಸ್ತ್ರ ತೆಗೆದು ನನ್ನನ್ನು ದುರುಗುಟ್ಟಿ ನೋಡಿದಳು. “ನಾಲ್ಕೇ ಬೀದಿ ಆಚೆ ಮನೆ ಮಾಡಿದಾರೆ. ಭಾನುವಾರ ಊಟಕ್ಕಾದ್ರೂ ಬರ್ತಿದ್ಲು. ಅದಕ್ಕೂ ಕಲ್ಲು ಹಾಕಿದೆಯಲ್ಲೋ ಪಾಪಿ!”